ಸಭೆ ಒಂದಾಗಿ ದುಡಿಯುವ ಬಗೆ: ಬೀದರ್, ಕಲಬುರಗಿ, ಯಾದಗಿರಿಯ ಸಭೆಗಳಿಗೊಂದು ಕೈಪಿಡಿ

ಭಾನುವಾರದ ಆರಾಧನೆ ಮುಗಿದು ಆಶೀರ್ವಾದ ಹೇಳಿಯಾದ ಮೇಲೆ ಹತ್ತು ನಿಮಿಷ ದೇವಾಲಯದ ಬಾಗಿಲ ಬಳಿ ಸುಮ್ಮನೆ ನಿಂತು ನೋಡಿದರೆ ಆ ಕ್ರೈಸ್ತ ಸಭೆಯ ಐಕ್ಯ ಎಷ್ಟು ಗಟ್ಟಿಯಾಗಿದೆ ಎಂಬುದು ತಿಳಿದುಬಿಡುತ್ತದೆ. ಜಮಖಾನೆ ಸುತ್ತುವವರು ಯಾರು, ಚಹಾದ ಕಪ್ಪು ತೊಳೆಯುವವರು ಯಾರು, ಕಾಣಿಕೆ ಎಣಿಸುವ ಕೋಣೆಗೆ ಹೋಗುವವರು ಯಾರು, ಯಾರೊಡನೆಯೂ ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವವರು ಯಾರು ಎಂಬುದನ್ನು ನಾಲ್ಕು ವಾರ ಗಮನಿಸಿದರೆ ಸಾಕು. ಕಪ್ಪು ತೊಳೆಯುವವರು ಪ್ರತಿ ವಾರವೂ ಅದೇ ಮೂವರು ಹೆಣ್ಣುಮಕ್ಕಳಾಗಿದ್ದು, ಕಾಣಿಕೆಯ ಕೋಣೆಗೆ ಹೋಗುವವರು ಪ್ರತಿ ವಾರವೂ ಅದೇ ಎರಡು ಮನೆತನದವರಾಗಿದ್ದರೆ, ಅಲ್ಲಿ ಐಕ್ಯದ ಮೇಲೆ ಎಷ್ಟು ಪ್ರಸಂಗಗಳಾದರೂ ಫಲ ಕಡಿಮೆ. ಬೀದರ್ ಜಿಲ್ಲೆಯ ಒಂದು ಸಭೆಯ ಕಮಿಟಿಯಲ್ಲಿ ಹಲವು ವರ್ಷ ದುಡಿದ ಮೇಲೆ ನನಗೆ ದೃಢವಾದದ್ದು ಇಷ್ಟು: ಕೆಲಸವನ್ನೂ ಅದರ ಭಾರವನ್ನೂ ನ್ಯಾಯವಾಗಿ ಹಂಚಿಕೊಂಡ ಕಡೆಯೇ ಐಕ್ಯ ಬೇರು ಬಿಡುತ್ತದೆ. ಈ ಬರಹ ಹಾಗೆ ಹಂಚಿಕೊಳ್ಳುವ ಬಗೆಯನ್ನು ಕುರಿತದ್ದು. ಸಭಾಪಾಲಕರಿಗಿಂತ ಹೆಚ್ಚಾಗಿ ಕಮಿಟಿಯ ಹಿರಿಯರು, ಸ್ತ್ರೀ ಸಂಘದವರು ಮತ್ತು ಯುವಜನ ಸಂಘದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ನಮ್ಮ ಭಾಗದ ಸಭೆಗಳ ಸ್ವಭಾವವನ್ನು ಮೊದಲು ನೆನಪಿಟ್ಟುಕೊಳ್ಳಬೇಕು. ಬೀದರ್, ಕಲಬುರಗಿ, ಯಾದಗಿರಿಯ ನೆಲವೆಲ್ಲ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆದ್ದರಿಂದ ಒಂದೇ ಬೆಂಚಿನಲ್ಲಿ ಕುಳಿತ ಅಜ್ಜಿಗೆ ತೆಲುಗಿನ ಕೀರ್ತನೆ ಬಾಯಿಪಾಠವಾಗಿರುತ್ತದೆ, ಅವಳ ಪಕ್ಕದವಳಿಗೆ ಮರಾಠಿಯ ಹಾಡು ಇಷ್ಟ, ಮೊಮ್ಮಗನಿಗೆ ಗಿಟಾರಿನೊಡನೆ ಹಾಡುವ ಹೊಸ ಕನ್ನಡ ಗೀತೆ ಬೇಕು. ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಇಲ್ಲಿ ದುಡಿದ ಕಾರಣ ಬೀದರ್ ಸೀಮೆಯಲ್ಲಿ ಮೆಥೊಡಿಸ್ಟ್ ಸಭೆಗಳೇ ಹೆಚ್ಚು. ಕೆಥೋಲಿಕರಿಗೆ 2005ರಲ್ಲಿ ಕಲಬುರಗಿಯೇ ಕೇಂದ್ರವಾದ ಧರ್ಮಪ್ರಾಂತ್ಯ ಬಂತು. ಇವುಗಳ ನಡುವೆ ಸ್ವತಂತ್ರ ಸಭೆಗಳೂ ಪ್ರಾರ್ಥನಾ ಮಂದಿರಗಳೂ ಬೆಳೆದಿವೆ. ಒಂದು ಸಭೆಯ ಒಳಗೂ ಕೇರಿ ಬೇರೆ, ಮನೆತನ ಬೇರೆ, ಮೂಲದ ಊರು ಬೇರೆ. ದೀಕ್ಷಾಸ್ನಾನದ ನೀರಿನಲ್ಲಿ ಮುಳುಗಿದ ಮೇಲೂ ಕುಲದ ನೆನಪು ಮದುವೆಯ ಮಾತುಕತೆಯ ಹೊತ್ತಿಗೆ ಮೇಲೆದ್ದು ಬರುವುದನ್ನು ನಾವೆಲ್ಲ ಕಂಡಿದ್ದೇವೆ, ಮತ್ತು ಇದನ್ನು ಒಪ್ಪಿಕೊಳ್ಳದೆ ಐಕ್ಯದ ಮಾತಾಡುವುದು ಸರಿಯಲ್ಲ. ಇದಕ್ಕೆ ಗುಳೆಯನ್ನೂ ಸೇರಿಸಬೇಕು. ಸುಗ್ಗಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಮನೆಗಳ ಹೆಸರು ಸಭೆಯ ಪುಸ್ತಕದಲ್ಲಿ ಇರುತ್ತದೆ, ಆದರೆ ಕಮಿಟಿಯ ತೀರ್ಮಾನಗಳಲ್ಲಿ ಆ ಮನೆಗಳ ಮಾತು ಇರುವುದಿಲ್ಲ.

ಮೊದಲು ಮನೆಗಳನ್ನು ತಿರುಗಿ

ಯಾವ ಯೋಜನೆಯನ್ನೂ ಹಾಕುವ ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡುಕೊಳ್ಳಿ ಮತ್ತು ಆರು ವಾರ ಸಭೆಯ ಪ್ರತಿಯೊಂದು ಮನೆಗೂ ಹೋಗಿ. ಒಬ್ಬರೇ ಹೋಗಬೇಡಿ, ಕರ್ತನು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ್ದು ಕಾರಣವಿಲ್ಲದೆ ಅಲ್ಲ. ಜೋಡಿಯಲ್ಲಿ ಒಬ್ಬರು ಆ ಕೇರಿಯವರಾಗಿರಲಿ, ಇನ್ನೊಬ್ಬರು ಬೇರೆ ಕೇರಿಯವರಾಗಿರಲಿ, ಸಾಧ್ಯವಾದಲ್ಲೆಲ್ಲ ಒಬ್ಬರು ಹೆಂಗಸಾಗಿರಲಿ. ಮನೆಗೊಂದು ಪುಟ. ಮನೆಯಲ್ಲಿ ಎಷ್ಟು ಜನ, ಹಾಸಿಗೆ ಹಿಡಿದವರು ಇದ್ದಾರೆಯೇ, ಯಾರು ಗುಳೆ ಹೋಗಿದ್ದಾರೆ, ಯಾವ ತಿಂಗಳಿಗೆ ಬರುತ್ತಾರೆ, ಗಾರೆ ಕೆಲಸ, ಹೊಲಿಗೆ, ವೈರಿಂಗ್, ನರ್ಸಿಂಗ್, ಟೈಪಿಂಗ್ ಇವುಗಳಲ್ಲಿ ಯಾರಿಗೆ ಏನು ಬರುತ್ತದೆ, ಯಾರ ಬಳಿ ಆಟೋ ಅಥವಾ ಟಂಟಂ ಇದೆ, ರಕ್ತದ ಗುಂಪು ಯಾವುದು ಎಂಬುದನ್ನು ಬರೆದುಕೊಳ್ಳಿ. ಆಮೇಲೆ ಪೆನ್ನು ಕೆಳಗಿಟ್ಟು ಒಂದು ಪ್ರಶ್ನೆ ಕೇಳಿ: ನಿಮಗೆ ಕಷ್ಟ ಬಂದಾಗ ಸಭೆಯಲ್ಲಿ ಮೊದಲು ಯಾರಿಗೆ ಹೇಳುತ್ತೀರಿ? ಈ ಪ್ರಶ್ನೆಗೆ ಉತ್ತರವಾಗಿ ಒಂದು ಹೆಸರೂ ಬಾರದ ಮನೆಗಳೇ ಮುಂದಿನ ಕೆಲಸದ ಆರಂಭ.

ಆ ಪುಸ್ತಕದಲ್ಲಿ ಮನೆಯ ಜಗಳಗಳನ್ನೂ ಸಾಲಗಳನ್ನೂ ಬರೆಯಬಾರದು. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಪುಸ್ತಕ.

ಒಂದೇ ಕೆಲಸ, ಮುಗಿಯುವ ಕೆಲಸ

ಆರು ವಾರಗಳ ನಂತರ ಪುಸ್ತಕದಲ್ಲಿ ಹತ್ತು ಹದಿನೈದು ಅಗತ್ಯಗಳು ಕೂಡಿರುತ್ತವೆ ಮತ್ತು ಎಲ್ಲವನ್ನೂ ಒಮ್ಮೆಗೇ ಕೈಗೆತ್ತಿಕೊಳ್ಳುವ ಉತ್ಸಾಹ ಬರುತ್ತದೆ. ಆ ಉತ್ಸಾಹವನ್ನು ತಡೆದು ಒಂದೇ ಕೆಲಸ ಆರಿಸಿ. ಅದಕ್ಕೊಂದು ಕೊನೆಯ ದಿನ ಇರಲಿ. ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಿದ್ದು 52 ದಿನಗಳಲ್ಲಿ, ಮತ್ತು ಬೈಬಲಿನ ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯವನ್ನು ಹೆಸರುಗಳ ಪಟ್ಟಿ ಎಂದು ಹಾರಿಸಿ ಓದುವ ನಾವು ದೊಡ್ಡ ಪಾಠವನ್ನು ಕಳೆದುಕೊಳ್ಳುತ್ತೇವೆ. ಅಲ್ಲಿ ಮಹಾಯಾಜಕನು ಕಲ್ಲು ಹೊರುತ್ತಾನೆ, ಅಕ್ಕಸಾಲಿಗನು ಹೊರುತ್ತಾನೆ, ಸುಗಂಧ ದ್ರವ್ಯ ಮಾಡುವವನು ಹೊರುತ್ತಾನೆ, ಶಲ್ಲೂಮನೆಂಬವನು ತನ್ನ ಹೆಣ್ಣುಮಕ್ಕಳೊಡನೆ ಬಂದು ಹೊರುತ್ತಾನೆ. ಹಲವರಿಗೆ ಅವರವರ ಮನೆಯ ಎದುರಿನ ಭಾಗವನ್ನೇ ಕೊಡಲಾಗಿದೆ, ಏಕೆಂದರೆ ತನ್ನ ಮನೆಯ ಎದುರಿನ ಗೋಡೆಯನ್ನು ಯಾರೂ ಸಡಿಲವಾಗಿ ಕಟ್ಟುವುದಿಲ್ಲ. ತೆಕೋವದ ಶ್ರೀಮಂತರು ಮಾತ್ರ ಆ ಕೆಲಸಕ್ಕೆ ಹೆಗಲು ಕೊಡಲಿಲ್ಲ ಎಂದೂ ಅಲ್ಲಿ ಬರೆದಿದೆ. ಆದರೆ ಅದೇ ತೆಕೋವದ ಸಾಮಾನ್ಯ ಜನ ತಮ್ಮ ಭಾಗವನ್ನು ಮುಗಿಸಿ ಇನ್ನೊಂದು ಭಾಗವನ್ನೂ ಕಟ್ಟಿದರು ಎಂಬುದನ್ನು ಅಧ್ಯಾಯದ ಕೊನೆಯವರೆಗೆ ಓದಿದವರು ಕಾಣುತ್ತಾರೆ. ದೊಡ್ಡವರು ಬರಲಿಲ್ಲವೆಂದು ಕೆಲಸ ನಿಲ್ಲಿಸುವ ಸಭೆಗಳಿಗೆ ಈ ಎರಡು ವಚನಗಳು ಸಾಕು.

ನಮ್ಮ ಕಡೆ ಮೊದಲ ಕೆಲಸಕ್ಕೆ ಒಳ್ಳೆಯ ಆಯ್ಕೆ ಎಂದರೆ ಮಳೆಗಾಲಕ್ಕೆ ಮುಂಚೆ ಒಂದೆರಡು ಮನೆಗಳ ಮಾಳಿಗೆ ಅಥವಾ ತಗಡಿನ ದುರಸ್ತಿ. ಮೃಗಶಿರಾ ಮಳೆ ಜೂನ್ ಮೊದಲ ವಾರದ ಹೊತ್ತಿಗೆ ಕೂಡುವುದರಿಂದ ದಿನ ತಾನಾಗಿಯೇ ಗೊತ್ತಾಗಿರುತ್ತದೆ. ಮೇ ತಿಂಗಳಲ್ಲಿ ಗುಳೆ ಹೋದವರಲ್ಲಿ ಅನೇಕರು ಬಿತ್ತನೆಗೆಂದು ಊರಿಗೆ ಮರಳಿರುತ್ತಾರೆ, ಅವರಲ್ಲಿ ಗಾರೆ ಬಲ್ಲವರೇ ಹೆಚ್ಚು. ವರ್ಷವಿಡೀ ಸಭೆಯ ಹೊರಗಿದ್ದವನು ಈ ಕೆಲಸದಲ್ಲಿ ಮೇಸ್ತ್ರಿಯಾಗುತ್ತಾನೆ, ಕಮಿಟಿಯ ಹಿರಿಯನು ಅವನಿಗೆ ತಗಡು ಎತ್ತಿಕೊಡುತ್ತಾನೆ. ಒಂದು ವರ್ಷ ನಮ್ಮ ಸಭೆಯಲ್ಲಿ ಬೆಳಿಗ್ಗೆ ಐದೂವರೆಗೆ ಕೆಲಸ ಹಿಡಿದು ಹತ್ತಕ್ಕೆ ಬಿಟ್ಟೆವು, ಏಕೆಂದರೆ ಅದರ ಮೇಲೆ ತಗಡನ್ನು ಬರಿಗೈಯಿಂದ ಮುಟ್ಟಲು ಆಗುವುದಿಲ್ಲ. ಹುಕ್ಕಿನ ತೂತಿಗೆ ಡಾಂಬರಿನ ವಾಷರ್ ಹಾಕುವುದನ್ನು ಪುಣೆಯಿಂದ ಬಂದ ಒಬ್ಬ ಹುಡುಗ ನಿವೃತ್ತ ಶಿಕ್ಷಕರೊಬ್ಬರಿಗೆ ಕೈ ಹಿಡಿದು ತೋರಿಸುತ್ತಿದ್ದ. ಆ ಶಿಕ್ಷಕರು ಅವನಿಗೆ ನಾಲ್ಕನೆಯ ತರಗತಿಯಲ್ಲಿ ಪಾಠ ಹೇಳಿದವರು. ಅದರ ಮುಂದಿನ ಭಾನುವಾರ ಆ ಹುಡುಗ ಬಾಗಿಲ ಬಳಿಯ ಕೊನೆಯ ಸಾಲನ್ನು ಬಿಟ್ಟು ಅವರ ಪಕ್ಕದಲ್ಲಿ ಬಂದು ಕುಳಿತ.

ಹಿಡಿ ಜೋಳದ ಡಬ್ಬಿಯೂ ಒಳ್ಳೆಯ ಆರಂಭವೇ. ಮಿಜೋರಾಮಿನ ಸಭೆಗಳಲ್ಲಿ 1910ರಿಂದ ಹೆಂಗಸರು ಅಡಿಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿಯನ್ನು ದೇವರ ಕೆಲಸಕ್ಕೆಂದು ಬೇರೆ ಇಡುವ ಪದ್ಧತಿ ಇದೆ. ಅದನ್ನು ಬುಹ್‌ಫೈ ಥಾಮ್ ಎನ್ನುತ್ತಾರೆ. ಇಲ್ಲಿ ರೊಟ್ಟಿಯ ನಾಡಾದ್ದರಿಂದ ಜೋಳವನ್ನೋ ಹಿಟ್ಟನ್ನೋ ಇಡಬಹುದು. ಇದರ ಗುಣವೆಂದರೆ ಬಡ ಮನೆಯ ಹಿಡಿಗೂ ಶ್ರೀಮಂತ ಮನೆಯ ಹಿಡಿಗೂ ಅಳತೆಯಲ್ಲಿ ವ್ಯತ್ಯಾಸವಿಲ್ಲ. ಹುಳು ಹಿಡಿಯದಂತೆ ತಿಂಗಳಿಗೊಮ್ಮೆ ಕೂಡಿಸಿ, ಅದೇ ವಾರ ಹಂಚಿಬಿಡಬೇಕು.

ಗುಂಪು ಮಾಡುವಾಗ ಅಪೊಸ್ತಲರನ್ನು ನೋಡಿ

ಈ ಭಾಗವನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾವು ತಪ್ಪಿದ್ದೂ ಕಲಿತದ್ದೂ ಇಲ್ಲಿಯೇ. 2020ರ ಲಾಕ್‌ಡೌನಿನಲ್ಲಿ ನಮ್ಮ ಕಮಿಟಿ ರೇಷನ್ ಕಿಟ್ ಹಂಚಲು ತೀರ್ಮಾನಿಸಿತು. ಏಳು ಜನ ಒಂದು ಕೋಣೆಯಲ್ಲಿ ಕುಳಿತು ನೆನಪಿನಿಂದ ಪಟ್ಟಿ ಬರೆದೆವು. ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ. ಆದರೆ ಆ ಏಳು ಜನರೂ ದೇವಾಲಯದ ಸುತ್ತಮುತ್ತಲಿನ ಎರಡು ಓಣಿಗಳವರಾಗಿದ್ದೆವು, ಆದ್ದರಿಂದ ನೆನಪಿಗೆ ಬಂದ ಮನೆಗಳೂ ಆ ಓಣಿಗಳವೇ ಆಗಿದ್ದವು. ಹಳ್ಳದ ಆಚೆಗಿನ ಕೆಲವು ಮನೆಗಳು ಬಿಟ್ಟುಹೋದವು. ಅಲ್ಲಿ ಮೊಮ್ಮಗನೊಡನೆ ಇದ್ದ ಒಬ್ಬ ವಿಧವೆ ನಮ್ಮ ಚೀಲಗಳು ಟಂಟಂನಲ್ಲಿ ಹಾದುಹೋಗುವುದನ್ನು ಹೊಸ್ತಿಲಲ್ಲಿ ಕುಳಿತು ನೋಡಿದ್ದಳಂತೆ. ಆಕೆ ಯಾರಿಗೂ ಏನೂ ಹೇಳಲಿಲ್ಲ. ದೇವಾಲಯ ಮತ್ತೆ ತೆರೆದ ಮೇಲೆ ಬರಲಿಲ್ಲ, ಅಷ್ಟೆ. ಕಾರಣ ನಮಗೆ ಗೊತ್ತಾಗಲು ಐದು ತಿಂಗಳು ಬೇಕಾಯಿತು, ಅದೂ ಸಂಡೇ ಸ್ಕೂಲಿನಲ್ಲಿ ಆ ಹುಡುಗನ ಬಾಯಿಂದ.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಇದೇ ಕಥೆ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯವರ ವಿಧವೆಯರು ಬಿಟ್ಟುಹೋಗುತ್ತಿದ್ದಾರೆ ಎಂಬ ಗುಣುಗುಟ್ಟುವಿಕೆ ಎದ್ದಿತು. ಹನ್ನೆರಡು ಮಂದಿ ಅಪೊಸ್ತಲರು ಅದನ್ನು ಅಲ್ಲಗಳೆಯಲಿಲ್ಲ, ದೂರು ಹೇಳಿದವರನ್ನು ಗದರಿಸಲಿಲ್ಲ. ಶಿಷ್ಯರ ಮಂಡಳಿಯನ್ನೆಲ್ಲ ಕರೆದು, ನೀವೇ ಏಳು ಜನರನ್ನು ಆರಿಸಿರಿ ಎಂದರು. ಆರಿಸಿದ ಏಳು ಹೆಸರುಗಳನ್ನು ನಿಧಾನವಾಗಿ ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಅನ್ಯಾಯವಾಗಿದೆ ಎಂದು ಯಾರು ನೊಂದಿದ್ದರೋ ಅವರ ಕಡೆಯ ಹೆಸರುಳ್ಳವರ ಕೈಗೇ ಇಡೀ ಸಭೆಯ ಹಂಚಿಕೆಯನ್ನು ಒಪ್ಪಿಸಲಾಯಿತು. ಇದಕ್ಕಿಂತ ಧೈರ್ಯದ ಆಡಳಿತ ನಿರ್ಣಯವನ್ನು ನಾನು ಬೇರೆಲ್ಲೂ ಓದಿಲ್ಲ.

ಇದನ್ನು ಆಚರಣೆಗೆ ತರುವುದು ಹೀಗೆ. ಸಹಾಯದ ಪಟ್ಟಿಯನ್ನು ಬರೆಯುವ ಗುಂಪಿನಲ್ಲಿ ಪ್ರತಿಯೊಂದು ಓಣಿಯಿಂದ ಇಬ್ಬರು ಇರಲಿ, ಮತ್ತು ದೂರದ ಓಣಿಯವರಿಗೆ ಪಟ್ಟಿ ಓದುವ ಕೆಲಸ ಕೊಡಿ. ಒಂದೇ ಮನೆತನದ ಇಬ್ಬರು ಒಂದೇ ಗುಂಪಿನಲ್ಲಿ ಬೇಡ. ಪ್ರತಿ ಗುಂಪಿನಲ್ಲಿ ಇಪ್ಪತ್ತೈದು ವರ್ಷದೊಳಗಿನವರೊಬ್ಬರು, ಅರವತ್ತು ದಾಟಿದವರೊಬ್ಬರು ಇರಲಿ. ಮುಖ್ಯಸ್ಥರನ್ನು ನೇಮಿಸುವಾಗ, ಈಗಾಗಲೇ ಎರಡು ಜವಾಬ್ದಾರಿ ಇದ್ದವರಿಗೆ ಮೂರನೆಯದನ್ನು ಕೊಡಬೇಡಿ. ಅವರು ಎಷ್ಟೇ ಸಮರ್ಥರಾದರೂ ಬೇಡ. ಒಳ್ಳೆಯ ಕೆಲಸಗಾರನ ಮೇಲೆ ಎಲ್ಲ ಭಾರವನ್ನು ಹಾಕುವುದು ಅವನಿಗೂ ಅನ್ಯಾಯ, ಕೆಲಸ ಕಲಿಯಬೇಕಾದ ಇನ್ನೊಬ್ಬನಿಗೂ ಅನ್ಯಾಯ. ಕಸ ಗುಡಿಸುವುದು, ಕಪ್ಪು ತೊಳೆಯುವುದು, ಶೌಚಾಲಯ ಶುಚಿ ಮಾಡುವುದು ಇವುಗಳ ಸರದಿಯನ್ನು ಬೇರೆಯಾಗಿ ಬರೆದು, ಆ ಸರದಿಯಲ್ಲಿ ಮೊದಲ ವಾರ ಕಮಿಟಿಯ ಗಂಡಸರ ಹೆಸರು ಬರಲಿ. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಹೇಳುವ ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯವನ್ನು ವರ್ಷಕ್ಕೊಮ್ಮೆ ಪವಿತ್ರ ಗುರುವಾರ ಓದಿ ಮುಗಿಸುವುದಕ್ಕಿಂತ ಇದು ಆ ಅಧ್ಯಾಯಕ್ಕೆ ಹತ್ತಿರವಾದದ್ದು.

ಆ ಅಜ್ಜಿಯ ಮನೆಗೆ ನಾವು ಮೂವರು ಹೋಗಿ ತಪ್ಪಾಯಿತೆಂದು ಹೇಳಿದೆವು. ಆಕೆ ಚಹಾ ಮಾಡಿಕೊಟ್ಟಳು. ಅದರ ಮರುವರ್ಷ ಹಳ್ಳದಾಚೆಯ ಪಟ್ಟಿಯನ್ನು ಬರೆಸಿದ್ದು ಆಕೆಯೇ. ಆಕೆಗೆ ಓದು ಬರುವುದಿಲ್ಲ, ಆದರೆ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಹೊಗೆ ನೋಡಿ ಗೊತ್ತಾಗುತ್ತದೆ.

ಕಾಣಿಕೆಯ ಲೆಕ್ಕ

ಸಭೆಗಳು ಒಡೆಯುವುದು ಬೋಧನೆಯ ಭೇದಕ್ಕಿಂತ ಹೆಚ್ಚಾಗಿ ಹಣದ ಸಂಶಯದಿಂದ. ಪೌಲನು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಅದನ್ನು ತಾನೊಬ್ಬನೇ ಒಯ್ಯದೆ ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡದ್ದನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ವಿವರಿಸುತ್ತಾನೆ: ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರುವಂತೆ ಎಚ್ಚರ ವಹಿಸುತ್ತೇವೆ ಎನ್ನುವುದು ಅವನ ಮಾತಿನ ಸಾರ. ಅಪೊಸ್ತಲನಿಗೇ ಸಾಕ್ಷಿಗಳು ಬೇಕಾಗಿದ್ದರೆ ನಮ್ಮ ಖಜಾಂಚಿಗೆ ಬೇಡವೇ?

ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ, ದೇವಾಲಯದ ಒಳಗೆ, ಬಾಗಿಲು ತೆರೆದಿಟ್ಟು ಎಣಿಸಬೇಕು. ಎಣಿಸುವವರು ಪರಸ್ಪರ ಸಂಬಂಧಿಕರಲ್ಲದ ಇಬ್ಬರು, ಜೊತೆಗೆ ಪ್ರತಿ ವಾರ ಬದಲಾಗುವ ಮೂರನೆಯವರು. ಚಾಪೆಯ ಮೇಲೆ ಸುರಿದ ಚೀಲದಲ್ಲಿ ಸೆರಗಿನ ತುದಿಯಲ್ಲಿ ಗಂಟು ಹಾಕಿ ತಂದು ನಾಲ್ಕು ಮಡಿಕೆಯಾಗಿ ಬಿಗಿದುಕೊಂಡ ಹತ್ತು ರೂಪಾಯಿಯ ನೋಟುಗಳು ಇರುತ್ತವೆ. ಅವುಗಳನ್ನು ಒಂದೊಂದಾಗಿ ಬಿಡಿಸಿ ಅಂಗೈಯಿಂದ ಸವರಿ ನೇರ ಮಾಡುವಾಗ, ಆ ಹಣ ಯಾರ ಬೆವರಿನಿಂದ ಬಂದದ್ದೆಂಬುದು ಎಣಿಸುವವನ ಬೆರಳಿಗೇ ಗೊತ್ತಾಗುತ್ತದೆ. ಮೊತ್ತವನ್ನು ಪುಸ್ತಕದಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಮೂವರೂ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ಕಟ್ಟಿ, ಮುಂದಿನ ಭಾನುವಾರ ಪ್ರಕಟಣೆಯಲ್ಲಿ ಓದಬೇಕು. ಚೆಕ್ಕಿಗೆ ಎರಡು ಸಹಿ ಕಡ್ಡಾಯ. ಯುಪಿಐ ಕೋಡು ಸಭೆಯ ಖಾತೆಯದೇ ಆಗಿರಬೇಕು. ಸಭಾಪಾಲಕರ ಅಥವಾ ಖಜಾಂಚಿಯ ಸ್ವಂತ ನಂಬರಿಗೆ ತಾತ್ಕಾಲಿಕವಾಗಿಯೂ ಬೇಡ. ವಿದೇಶದ ಸಂಸ್ಥೆ ಅಥವಾ ವಿದೇಶಿ ಪ್ರಜೆ ಸಭೆಯ ಕೆಲಸಕ್ಕೆ ಹಣ ಕಳುಹಿಸುವೆನೆಂದರೆ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ.

ಸುಗ್ಗಿ ಹಬ್ಬದ ಸವಾಲಿನ, ಅಂದರೆ ಹರಾಜಿನ, ವಿಷಯದಲ್ಲೂ ಒಂದು ಮಾತು. ತೊಗರಿ, ಜೋಳ, ಕುಂಬಳಕಾಯಿ, ಕೋಳಿ ಎಂದು ಜನ ತಂದ ಮೊದಲ ಫಲವನ್ನು ಸವಾಲು ಕೂಗುವಾಗ ಎರಡು ಮನೆಗಳ ಪೈಪೋಟಿ ಏರಿ ಒಂದು ಕುಂಬಳಕಾಯಿ ಸಾವಿರಾರು ರೂಪಾಯಿಗೆ ಹೋಗುವುದುಂಟು. ಖಜಾನೆಗೆ ಸಂತೋಷ, ಆದರೆ ಕೈಯಲ್ಲಿ ಐವತ್ತು ರೂಪಾಯಿ ಹಿಡಿದು ಬಂದವನು ಏನನ್ನೂ ಕೊಳ್ಳದೆ ಮರಳುತ್ತಾನೆ. ಅರ್ಧ ಫಲವನ್ನು ಸವಾಲಿಗಿಟ್ಟು ಇನ್ನರ್ಧವನ್ನು ಸಣ್ಣ ಪಾಲುಗಳಾಗಿ ಮಾಡಿ ಒಂದೇ ದರಕ್ಕೆ ಮಾರಿದರೆ ಪ್ರತಿ ಮನೆಗೂ ಹಬ್ಬದ ಪಾಲು ಹೋಗುತ್ತದೆ.

ಒಟ್ಟಿಗೆ ಉಣ್ಣುವಾಗ

ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ಉಂಡು ಮುಗಿಸುತ್ತಿದ್ದರು, ದುಡಿದು ತಡವಾಗಿ ಬಂದವರು ಹಸಿದಿರುತ್ತಿದ್ದರು. ಪೌಲನು ಇದನ್ನು ಅಡಿಗೆಮನೆಯ ಸಣ್ಣ ಲೋಪವೆಂದು ಬಿಡದೆ, ಇದು ಕರ್ತನ ಭೋಜನವೇ ಅಲ್ಲ ಎಂದುಬಿಟ್ಟನು. ದಾಸೋಹದ ಅರ್ಥವನ್ನು ನಮ್ಮ ನೆಲಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. ಬಸವಕಲ್ಯಾಣವೂ ಬೀದರ್ ಜಿಲ್ಲೆಯಲ್ಲೇ ಇದೆ, ಒಂದೇ ಪಂಕ್ತಿಯ ಮಹತ್ವ ಇಲ್ಲಿನ ಮಗುವಿಗೂ ಗೊತ್ತು. ಹಾಗಿದ್ದೂ ನಮ್ಮ ಹಬ್ಬದ ಊಟಗಳಲ್ಲಿ ಅತಿಥಿಗಳಿಗೆ ಕುರ್ಚಿ ಮೇಜು, ಉಳಿದವರಿಗೆ ನೆಲ, ಬೆಳಗಿನ ನಾಲ್ಕು ಗಂಟೆಯಿಂದ ರೊಟ್ಟಿ ಬಡಿದ ಹೆಂಗಸರಿಗೆ ಕೊನೆಯಲ್ಲಿ ತಳ ಹಿಡಿದ ಅನ್ನ ಎಂಬ ಕ್ರಮ ಬೆಳೆದುಬಿಟ್ಟಿದೆ.

ಬದಲಿಸುವುದು ಕಷ್ಟವಲ್ಲ. ಅಡಿಗೆ ಮಾಡಿದವರ ಊಟವನ್ನು ಮೊದಲೇ ತೆಗೆದು ಮುಚ್ಚಿಡಿ, ಅಥವಾ ಅವರನ್ನು ಮೊದಲ ಪಂಕ್ತಿಯಲ್ಲಿ ಕೂಡಿಸಿ ಕಮಿಟಿಯವರು ಬಡಿಸಿ. ಹಾಸಿಗೆ ಹಿಡಿದವರ ಮನೆಗೆ ಒಯ್ಯುವ ಡಬ್ಬಿಗಳು ಪ್ರಾರ್ಥನೆಯಾದ ಕೂಡಲೇ ಹೊರಡಲಿ, ಉಳಿದದ್ದನ್ನು ಒಯ್ಯುವಂತಾಗಬಾರದು. ನೂರು ಜನರ ಊಟಕ್ಕೆ ಹತ್ತು ಕಿಲೋ ಅಕ್ಕಿ, ನಾಲ್ಕರಿಂದ ಐದು ಕಿಲೋ ತೊಗರಿಬೇಳೆ ಸಾಕು. ರೊಟ್ಟಿಯನ್ನು ಒಂದೇ ಕಡೆ ಮಾಡುವುದರ ಬದಲು ಇಪ್ಪತ್ತು ಮನೆಗಳಿಗೆ ಹತ್ತತ್ತು ರೊಟ್ಟಿಯಂತೆ ಹಂಚಿದರೆ ಒಬ್ಬೊಬ್ಬರಿಗೆ ಒಂದು ಕಿಲೋ ಹಿಟ್ಟಿನ ಕೆಲಸ ಬರುತ್ತದೆ. ಎಲ್ಲ ಮನೆಯ ರೊಟ್ಟಿಗಳನ್ನು ಒಂದೇ ಬುಟ್ಟಿಯಲ್ಲಿ ಬೆರೆಸಿ ಬಡಿಸಬೇಕು, ಯಾರ ಮನೆಯ ರೊಟ್ಟಿ ಯಾವುದೆಂದು ಗೊತ್ತಾಗಬಾರದು. ಈ ಮಾತಿನ ಹಿಂದಿನ ಕಾರಣ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಜಗಳ ಬಂದಾಗ

ಜಗಳ ಬಂದೇ ಬರುತ್ತದೆ; ಕೆಲಸ ಹೆಚ್ಚಾದ ಹಾಗೆ ಅದೂ ಹೆಚ್ಚುತ್ತದೆ. ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ ಕ್ರಮ ಸ್ಪಷ್ಟವಾಗಿದೆ: ಮೊದಲು ಇಬ್ಬರೇ ಕುಳಿತು ಮಾತಾಡುವುದು, ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗುವುದು, ಕೊನೆಯಲ್ಲಿ ಮಾತ್ರ ಸಭೆಯ ಮುಂದೆ ತರುವುದು. ವಾಟ್ಸಾಪ್ ಬಂದ ಮೇಲೆ ಈ ಕ್ರಮ ತಲೆಕೆಳಗಾಗಿದೆ. ಮೊದಲು ಗ್ರೂಪಿನಲ್ಲಿ ಹಾಕುವುದು, ಆಮೇಲೆ ಇಬ್ಬರೂ ಮುಖ ತಪ್ಪಿಸಿ ಓಡಾಡುವುದು. ಆದ್ದರಿಂದ ಸಭೆಯ ಗ್ರೂಪಿನಲ್ಲಿ ಪ್ರಾರ್ಥನೆಯ ವಿನಂತಿ, ಸಾವಿನ ಸುದ್ದಿ, ಕೆಲಸದ ಸಮಯ ಇವು ಮಾತ್ರ ಬರಲಿ, ಒಬ್ಬರ ಹೆಸರು ಹಿಡಿದು ದೂರು ಬರೆದರೆ ಅದನ್ನು ಅಡ್ಮಿನ್ ಅಳಿಸಿ, ಬರೆದವರಿಗೆ ಅದೇ ಸಂಜೆ ಫೋನು ಮಾಡಲಿ ಎಂದು ಕಮಿಟಿಯೇ ನಿರ್ಣಯಿಸಬೇಕು.

ಫಿಲಿಪ್ಪಿಯ ಸಭೆಯಲ್ಲಿ ಯುವೊದ್ಯ, ಸುಂತುಕೆ ಎಂಬ ಇಬ್ಬರು ಹೆಂಗಸರು ಮುನಿಸಿಕೊಂಡಿದ್ದರು. ಇಬ್ಬರೂ ಸುವಾರ್ತೆಗಾಗಿ ತನ್ನೊಡನೆ ಹೆಣಗಿದವರು ಎಂದು ಪೌಲನು ಮೆಚ್ಚಿ ಬರೆಯುತ್ತಾನೆ, ಯಾರದು ತಪ್ಪು ಎಂದು ಒಂದಕ್ಷರ ಬರೆಯುವುದಿಲ್ಲ, ಮೂರನೆಯ ಒಬ್ಬನಿಗೆ ಅವರಿಗೆ ಸಹಾಯ ಮಾಡು ಎನ್ನುತ್ತಾನೆ. ಮಧ್ಯಸ್ಥಿಕೆಗೆ ಹೋಗುವವರು ಇದನ್ನೇ ಅನುಸರಿಸಲಿ. ತೀರ್ಪು ಕೊಡಲು ಹೋಗದೆ, ಮುನಿದ ಇಬ್ಬರಿಗೂ ಒಂದೇ ಕೆಲಸದ ಎರಡು ತುದಿಗಳನ್ನು ಕೊಡಿ. ಸಂಡೇ ಸ್ಕೂಲಿನ ಮಕ್ಕಳ ಊಟಕ್ಕೆ ಒಬ್ಬರು ಸಾಮಾನು ತರಲಿ, ಇನ್ನೊಬ್ಬರು ಅಡಿಗೆ ಮಾಡಲಿ. ಉಪ್ಪು ಎಲ್ಲಿದೆ ಎಂದು ಕೇಳುವಷ್ಟಾದರೂ ಮಾತು ಬರಲೇಬೇಕಾಗುತ್ತದೆ.

ಬೇರೆ ಸಭೆಗಳೊಡನೆ, ಊರಿನೊಡನೆ

ದಕ್ಷಿಣ ಭಾರತದ ಹಲವು ಪ್ರೊಟೆಸ್ಟೆಂಟ್ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸೇರಿ ದಕ್ಷಿಣ ಭಾರತ ಸಭೆಯಾದವು. ಬ್ರಿಟಿಷ್ ಮೂಲದ ಮೆಥೊಡಿಸ್ಟರು ಅದರೊಳಗೆ ಹೋದರು, ಅಮೆರಿಕದ ಮೂಲದ ನಮ್ಮ ಮೆಥೊಡಿಸ್ಟರು ಹೊರಗುಳಿದರು, ಮತ್ತು 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವತಂತ್ರ ಆಡಳಿತದ ಸಭೆಯಾಯಿತು. ಆಡಳಿತದ ಐಕ್ಯ ಬಿಷಪರ ಕೆಲಸ. ಊರಿನ ಮಟ್ಟದಲ್ಲಿ ನಾವು ಮಾಡಬಹುದಾದದ್ದು ಬೇರೆ, ಮತ್ತು ಅದನ್ನು ಸಮಾಧಿ ಸ್ಥಳದಿಂದ ಆರಂಭಿಸಬೇಕು ಎಂಬುದು ನನ್ನ ಅನುಭವದ ಸಲಹೆ. ಈಸ್ಟರಿನ ಬೆಳಗಿನ ಜಾವಕ್ಕೆ ನಾವೂ, ನವೆಂಬರ್ 2ರ ಮೃತರ ಸ್ಮರಣೆಗೆ ಕೆಥೋಲಿಕರೂ ಸಮಾಧಿಗಳ ಬಳಿ ಹೋಗುತ್ತೇವೆ. ಈ ಎರಡೂ ದಿನಗಳ ಹಿಂದಿನ ಶನಿವಾರ ಎಲ್ಲ ಸಭೆಗಳವರೂ ಸೇರಿ ಜಾಲಿಮುಳ್ಳು ಕಡಿದು, ಬಿದ್ದ ಶಿಲುಬೆಗಳನ್ನು ನಿಲ್ಲಿಸಿದರೆ, ಯಾವ ದೇವಶಾಸ್ತ್ರದ ಚರ್ಚೆಯೂ ಇಲ್ಲದೆ ಒಂದು ಬಾಗಿಲು ತೆರೆಯುತ್ತದೆ. ಆಮೇಲೆ ಜನವರಿ 18ರಿಂದ 25ರವರೆಗೆ ಬರುವ ಕ್ರೈಸ್ತ ಐಕ್ಯದ ಪ್ರಾರ್ಥನಾ ಸಪ್ತಾಹದಲ್ಲಿ ಒಂದೊಂದು ಸಂಜೆ ಒಂದೊಂದು ಸಭೆಯಲ್ಲಿ ಕೂಡುವುದು ಸುಲಭವಾಗುತ್ತದೆ. ಪ್ರಭು ಭೋಜನದ ವಿಷಯದಲ್ಲಿ ಸಭೆಗಳ ನಿಯಮಗಳು ಬೇರೆ ಬೇರೆ. ಅಲ್ಲಿ ಒತ್ತಾಯ ಮಾಡದೆ, ಹಾಡು, ವಾಕ್ಯ, ಪ್ರಾರ್ಥನೆಗಳಲ್ಲಿ ಒಂದಾಗಿರಿ. ಒಂದು ಸಭೆಯಿಂದ ಬೇಸರಗೊಂಡು ಬಂದ ಕುಟುಂಬವನ್ನು ಇನ್ನೊಂದು ಸಭೆ ತಕ್ಷಣ ಸದಸ್ಯರನ್ನಾಗಿ ಬರೆದುಕೊಳ್ಳದೆ, ಮೊದಲು ಆ ಸಭಾಪಾಲಕರೊಡನೆ ಮಾತಾಡುವ ಒಪ್ಪಂದವಿದ್ದರೆ ಅರ್ಧದಷ್ಟು ಕಹಿ ಹುಟ್ಟುವುದೇ ಇಲ್ಲ.

ಊರಿನ ಕಷ್ಟಕ್ಕೆ ಸಭೆ ಹೋಗುವಾಗ ಹೆಸರು ಹಚ್ಚಿದ ಬ್ಯಾನರು ಬೇಡ, ಕೊಟ್ಟ ಚೀಲದ ಜೊತೆ ಫೋಟೋ ಬೇಡ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿಯ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದಂತಹ ಹೊತ್ತಿನಲ್ಲಿ ಮನೆಯವರ ಜಾತಿ ಧರ್ಮ ಕೇಳುವ ಕಾಲಮ್ಮು ಪಟ್ಟಿಯಲ್ಲಿ ಇರಬಾರದು. ಒಳ್ಳೆಯ ಸಮಾರ್ಯದವನು ಗಾಯಗೊಂಡವನನ್ನು ಏನನ್ನೂ ಕೇಳಲಿಲ್ಲ. ಪಂಚಾಯಿತಿಯವರು, ಮಠದವರು, ಮಸೀದಿಯವರು ಈಗಾಗಲೇ ಹಂಚುತ್ತಿದ್ದರೆ ಅವರ ಪಟ್ಟಿಯನ್ನೇ ಕೇಳಿ, ಬಿಟ್ಟುಹೋದ ಮನೆಗಳನ್ನು ಹುಡುಕುವುದು ನಮ್ಮ ಪಾಲಿನ ಕೆಲಸವಾಗಲಿ.

ಕೆಲಸ ಮುಗಿದ ದಿನ ಗುಂಪನ್ನು ಕರೆದು ಅರ್ಧ ಗಂಟೆ ಕುಳಿತುಕೊಳ್ಳಿ. ಖರ್ಚಿನ ಲೆಕ್ಕ ಓದಿ, ಉಳಿದ ಹಣವೆಷ್ಟು, ಯಾವ ಮನೆ ಬಿಟ್ಟುಹೋಯಿತು, ಯಾರ ಮೇಲೆ ಭಾರ ಹೆಚ್ಚಾಯಿತು ಎಂದು ಕೇಳಿ, ಕೇಳಿದ್ದನ್ನು ಬರೆದುಕೊಳ್ಳಿ. ಆಮೇಲೆ ಆ ಗುಂಪನ್ನು ವಿಸರ್ಜಿಸಿ. ಯಾರೂ ಸತತ ಎರಡು ಕೆಲಸಗಳಿಗೆ ಮುಖ್ಯಸ್ಥರಾಗಬಾರದು. ಮುಂದಿನ ಭಾನುವಾರ ಆರಾಧನೆಯ ಕೊನೆಯಲ್ಲಿ ಹಳೆಯ ಗುಂಪಿನವರು ಮುಂದೆ ಬಂದು ಮನೆಗಳ ನೋಟ್‌ಬುಕ್ಕನ್ನೂ ಸಾಮಾನಿನ ಕೋಣೆಯ ಬೀಗದ ಕೈಯನ್ನೂ ಹೊಸಬರ ಕೈಗೆ ಕೊಡಲಿ, ಸಭಾಪಾಲಕರು ಇಬ್ಬರಿಗಾಗಿಯೂ ಪ್ರಾರ್ಥಿಸಲಿ. ಹೊಸಬರು ಅಂದೇ ಸಂಜೆ ನೋಟ್‌ಬುಕ್ಕಿನ ಕೊನೆಯ ಪುಟದಿಂದ, ಅಂದರೆ ಹೋದ ಸಲ ಎಲ್ಲರಿಗಿಂತ ಕೊನೆಗೆ ಭೇಟಿ ಮಾಡಿದ ಮನೆಯಿಂದ, ತಮ್ಮ ತಿರುಗಾಟವನ್ನು ಆರಂಭಿಸಬೇಕು.